ಎರಡು ದ್ರವಗಳ ಎಲ್ಲೆ: ಶಾಸ್ತ್ರಗದ್ಯದ ಪರಿಭಾಷೆಯನ್ನು ಕುರಿತ ಒಂದು ವಿಮರ್ಶೆ

೧

ಭೌತಶಾಸ್ತ್ರ ರಸಾಯನಶಾಸ್ತ್ರಾದಿಗಳನ್ನು ಕನ್ನಡದಲ್ಲಿ ಬರೆಯಬೇಕೆಂಬ ಉದ್ಯಮವು ಆರಂಭವಾಗಿ ಒಂದು ಶತಮಾನಕ್ಕೆ ಮೇಲಾಯಿತು. ೧೯೧೮ರಲ್ಲಿ ಬೆಂಗಳೂರಿನಿಂದ ಹೊರಟ ‘ವಿಜ್ಞಾನ’ವೆಂಬ ಮಾಸಪತ್ರಿಕೆಯೂ, ಅದಕ್ಕಾಗಿ ದುಡಿದ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಇವರ ಪರಿಶ್ರಮವೂ ವಿದ್ವಾಂಸರಿಗೆ ವಿದಿತವಾದುವೇ ಆಗಿವೆ. ಅಂದಿನಿಂದ ಇಂದಿನವರೆಗೆ ಪರಿಭಾಷೆಯ ವಿಷಯದಲ್ಲಿ ನಡೆದ ಚರ್ಚೆಯು ಪ್ರಾಯಶಃ ಒಂದೇ ಪ್ರಶ್ನೆಯನ್ನು ಸುತ್ತುತ್ತಿದೆ: ಹೊಸ ಶಬ್ದಗಳನ್ನು ಸಂಸ್ಕೃತದಿಂದ ಕಟ್ಟಬೇಕೆ, ದೇಶ್ಯದಿಂದ ಕಟ್ಟಬೇಕೆ, ಅಥವಾ ಇಂಗ್ಲಿಷಿನಿಂದ ಹಾಗೆಯೇ ತೆಗೆದುಕೊಳ್ಳಬೇಕೆ? ಈ ಪ್ರಶ್ನೆಯನ್ನು ಬರಿಯ ಸಾಮಾನ್ಯರೂಪದಲ್ಲಿ ವಾದಿಸಿದರೆ ಅದಕ್ಕೆ ಕೊನೆಯಿಲ್ಲ. ಒಂದೊಂದು ಪಕ್ಷದವರೂ ತಮ್ಮ ಕಡೆಯ ಒಳ್ಳೆಯ ಶಬ್ದಗಳನ್ನೂ ಎದುರಿನವರ ಕೆಟ್ಟ ಶಬ್ದಗಳನ್ನೂ ಆರಿಸಿ ತೋರಿಸಿ ಜಯವನ್ನು ಪಡೆಯಬಹುದು. ಆದಕಾರಣ ಕಠಿನವಾದ ಒಂದು ವಿಷಯವನ್ನು ಹಿಡಿದು, ಅದನ್ನು ಆದ್ಯಂತವಾಗಿ ಹೇಳಹೊರಟಾಗ ಶಬ್ದಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಎಡವುತ್ತವೆ ಎಂಬುದನ್ನು ನೋಡುವುದೇ ನ್ಯಾಯವಾದ ಮಾರ್ಗವು.

ಅಂತಹ ಪರೀಕ್ಷೆಗೆ ಇಲ್ಲಿ ಎತ್ತಿಕೊಂಡಿರುವ ವಿಷಯವು ಥೋರಿಯಂ, ಯುರೇನಿಯಂ, ಪ್ಲುಟೋನಿಯಂ ಮೊದಲಾದ ಆಕ್ಟಿನೈಡ್ ಲೋಹಗಳು ಒಂದು ದ್ರವವನ್ನು ಬಿಟ್ಟು ಅದರೊಡನೆ ಬೆರೆಯದ ಇನ್ನೊಂದು ದ್ರವಕ್ಕೆ ದಾಟುವ ಕ್ರಮ, ವಿಶೇಷವಾಗಿ ಆ ದಾಟುವಿಕೆಯ ವೇಗ. ಇದು ಸಾಹಿತ್ಯಾಧ್ಯಾಪಕರಿಗೆ ದೂರದ ವಿಷಯವೆಂದು ತೋರಬಹುದು. ಆದರೆ ಕನ್ನಡನಾಡಿಗೆ ಇದು ದೂರದ್ದಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ೨೦೦೦ನೆಯ ಇಸವಿಯಿಂದ ಮೊದಲ್ಗೊಂಡು ಒಂದಾದಮೇಲೊಂದರಂತೆ ನಾಲ್ಕು ಪರಮಾಣು ಸ್ಥಾವರಗಳು ವಿದ್ಯುತ್ತನ್ನು ಕೊಡುತ್ತ ಬಂದಿವೆ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಅದಿರಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸೀಮೆಯಲ್ಲಿ ಕೆರೆಬಾವಿಗಳು ಬತ್ತಿ ಜನರು ಆಳವಾದ ಕೊಳವೆಬಾವಿಗಳನ್ನು ನಂಬಿರುವುದು ಪ್ರಸಿದ್ಧವೇ ಸರಿ; ಮೈಸೂರು ಪ್ರಸ್ಥಭೂಮಿಯ ಪೂರ್ವಭಾಗದ ಕಣಶಿಲೆ ಮತ್ತು ಪಟ್ಟೆಶಿಲೆಗಳಲ್ಲಿ ಸ್ವಭಾವತಃ ಇರುವ ಯುರೇನಿಯಮ್ಮು ಆಳದ ನೀರಿಗೆ ಇಳಿಯುವ ಸಂಗತಿಯೂ ಈಚೆಗೆ ಬಹುವಾಗಿ ಚರ್ಚೆಗೆ ಬಂದಿದೆ. ಕುಡಿಯುವ ನೀರಿನ ಒಂದು ಲೀಟರಿಗೆ ೩೦ ಮೈಕ್ರೋಗ್ರಾಮ್ ಎಂಬ ಮಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೧ರ ತನ್ನ ಸೂತ್ರಗಳಲ್ಲಿ ಹೇಳಿದೆ. ನೀರಿನ ಪರೀಕ್ಷೆಯ ವರದಿಯು ಹಳ್ಳಿಯ ಪಂಚಾಯಿತಿಗೆ ಬಂದಾಗ ಅದನ್ನು ಓದಿ ಹೇಳಬೇಕಾದವನು ಅನೇಕ ವೇಳೆ ಆ ಊರಿನ ಕನ್ನಡದ ಮೇಷ್ಟರೇ. ‘ಕರಗಿದೆ’, ‘ಬೆರೆತಿದೆ’, ‘ಬೇರ್ಪಡಿಸಬಹುದು’ ಎಂಬ ಮಾತುಗಳ ಅಂತರವನ್ನು ಅವನು ಅರಿಯದಿದ್ದರೆ ನಷ್ಟವಾಗುವುದು ವ್ಯಾಕರಣಕ್ಕಲ್ಲ, ಜನರಿಗೆ.

೨

ಮೊದಲು ವಸ್ತುಸ್ಥಿತಿಯನ್ನು ಸಂಕ್ಷೇಪವಾಗಿ ಹೇಳಬೇಕಾಗಿದೆ. ವಸ್ತುವನ್ನರಿಯದೆ ಶಬ್ದವನ್ನು ವಿಮರ್ಶಿಸುವುದು ರೋಗವನ್ನು ನೋಡದೆ ಔಷಧವನ್ನು ಹೊಗಳಿದಂತೆ.

೧೮೪೨ರಲ್ಲಿ ಫ್ರಾನ್ಸಿನ ಪೆಲಿಗೋ ಎಂಬ ರಸಾಯನಜ್ಞನು ಯುರೇನಿಯಮ್ಮಿನ ನೈಟ್ರೇಟು ಈಥರಿನಲ್ಲಿ ಕರಗುವುದನ್ನೂ, ಜೊತೆಯಲ್ಲಿರುವ ಇತರ ಕಲ್ಮಷಗಳು ಹಾಗೆ ಕರಗದಿರುವುದನ್ನೂ ಬಳಸಿಕೊಂಡು ಅದನ್ನು ಶುದ್ಧಿಮಾಡಿದನು. ಒಂದು ಶತಮಾನದ ಮೇಲೆ ಈಥರಿನ ಸ್ಥಾನಕ್ಕೆ ಟ್ರೈಬ್ಯೂಟೈಲ್ ಫಾಸ್ಫೇಟ್ ಎಂಬ ತೈಲಸದೃಶವಾದ ದ್ರವವು ಬಂತು. ಇದನ್ನು ಸೀಮೆಎಣ್ಣೆಯ ಜಾತಿಯ ದ್ರವದಲ್ಲಿ ನೂರಕ್ಕೆ ಸುಮಾರು ೩೦ ಭಾಗದಷ್ಟು ಕೂಡಿಸಿ, ನೈಟ್ರಿಕ್ ಆಮ್ಲದಿಂದ ಕೂಡಿದ ಯುರೇನಿಯಂ ನೀರಿನೊಡನೆ ಕಲಕುತ್ತಾರೆ. ಯುರೇನಿಯಮ್ಮು ಎರಡು ನೈಟ್ರೇಟುಗಳನ್ನು ಕೂಡಿಕೊಂಡು, ಈ ಫಾಸ್ಫೇಟಿನ ಎರಡು ಅಣುಗಳಿಂದ ಆವೃತವಾಗಿ, ಎಣ್ಣೆಯ ಕಡೆಗೆ ಹೋಗುತ್ತದೆ. ಕಲಕುವುದನ್ನು ನಿಲ್ಲಿಸಿದರೆ ಎರಡು ದ್ರವಗಳೂ ಮತ್ತೆ ಕೆಳಗೆ ಮೇಲೆ ಬೇರೆಬೇರೆಯಾಗಿ ನಿಲ್ಲುತ್ತವೆ. ಮೇಲಿನ ಎಣ್ಣೆಯನ್ನು ಬಸಿದುಕೊಂಡು, ಆಮ್ಲವು ಅತ್ಯಲ್ಪವಾದ ನೀರಿನೊಡನೆ ಪುನಃ ಕಲಕಿದರೆ ಯುರೇನಿಯಮ್ಮು ಶುದ್ಧವಾಗಿ ನೀರಿಗೆ ಮರಳುತ್ತದೆ. ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ಯುರೇನಿಯಂ ಶುದ್ಧಿಯಾಗುವುದೂ, ಮುಂಬಯಿಯ ಟ್ರಾಂಬೆಯಲ್ಲಿ ೧೯೬೪ರಲ್ಲಿ ಆರಂಭವಾದ ಸ್ಥಾವರದಲ್ಲಿ ಉರಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಟ್ಟುದೂ ಈ ತತ್ತ್ವದಿಂದಲೇ.

ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಒಂದನೆಯದು, ಕೊನೆಯಲ್ಲಿ ಲೋಹವು ಎಣ್ಣೆಯಲ್ಲಿ ಎಷ್ಟು, ನೀರಿನಲ್ಲಿ ಎಷ್ಟು ನಿಲ್ಲುತ್ತದೆ ಎಂಬುದು. ಇದಕ್ಕೆ ಆಧಾರವಾದ ಹಂಚಿಕೆಯ ನಿಯಮವನ್ನು ನೆರ್ನ್ಸ್ಟನು ೧೮೯೧ರಲ್ಲಿ ನಿರೂಪಿಸಿದನು. ಎರಡನೆಯದು, ಆ ಕೊನೆಯನ್ನು ಮುಟ್ಟಲು ಎಷ್ಟು ಕಾಲ ಬೇಕು, ಆ ಕಾಲವನ್ನು ಯಾವುದು ನಿರ್ಣಯಿಸುತ್ತದೆ ಎಂಬುದು. ಮೊದಲನೆಯದು ಪರಿಮಾಣವಿಚಾರ, ಎರಡನೆಯದು ವೇಗವಿಚಾರ. ವೇಗವು ಕೇವಲ ಕುತೂಹಲದ ಮಾತಲ್ಲ. ಉರಿದ ಇಂಧನದ ತೀವ್ರವಾದ ವಿಕಿರಣಕ್ಕೆ ಸಿಕ್ಕಿ ಎಣ್ಣೆಯ ಫಾಸ್ಫೇಟು ಒಡೆಯುತ್ತದೆ. ಒಡೆದ ಭಾಗವು ಲೋಹವನ್ನು ಬಿಗಿಯಾಗಿ ಹಿಡಿದುಕೊಂಡು ಬೇಕಾದಾಗ ಬಿಟ್ಟುಕೊಡುವುದಿಲ್ಲ. ಆದುದರಿಂದ ದ್ರವಗಳ ಸಂಪರ್ಕವು ಬೇಗನೆ ಮುಗಿದಷ್ಟೂ ಒಳ್ಳೆಯದು. ಯಾವುದು ಕ್ಷಣಗಳಲ್ಲಿ ದಾಟುತ್ತದೆ, ಯಾವುದು ತಡಮಾಡುತ್ತದೆ ಎಂಬ ಜ್ಞಾನವಿಲ್ಲದೆ ಯಂತ್ರವನ್ನು ಕಟ್ಟಲಾಗದು.

೩

ಈಗ ಪ್ರಕೃತಕ್ಕೆ ಬರಬಹುದು. ಎರಡು ದ್ರವಗಳ ಉಪಮಾನವು ಕನ್ನಡ ಸಾಹಿತ್ಯವಿಮರ್ಶೆಗೆ ಹೊಸದಲ್ಲ. ಮುಳುಗುಂದದ ನಯಸೇನನು ೧೧೧೨ರ ತನ್ನ ‘ಧರ್ಮಾಮೃತ’ದಲ್ಲಿ, ಅಚ್ಚಗನ್ನಡದಲ್ಲಿ ಬರೆಯಹೊರಟು ಸಂಸ್ಕೃತವನ್ನು ತುರುಕುವವರನ್ನು ಆಕ್ಷೇಪಿಸುತ್ತ, ತುಪ್ಪವನ್ನೂ ಎಣ್ಣೆಯನ್ನೂ ಬೆರಸುವುದು ಯುಕ್ತವೇ ಎಂದು ಕೇಳಿರುವುದು ಅಧ್ಯಾಪಕರೆಲ್ಲರೂ ಬಲ್ಲ ಸಂಗತಿ. ಭಾಷಾಮಿಶ್ರಣದ ಚರ್ಚೆಯಲ್ಲಿ ಈ ಉಪಮಾನವನ್ನು ಎತ್ತದವರಿಲ್ಲ. ಆದರೆ ಅದರ ಸ್ವಾರಸ್ಯವು ಎಲ್ಲಿದೆಯೆಂದು ಪರಿಶೀಲಿಸಿದವರು ವಿರಳ. ತುಪ್ಪ, ಎಣ್ಣೆ ಇವೆರಡೂ ಪರಸ್ಪರ ಸೇರದ ದ್ರವ್ಯಗಳು, ಆದುದರಿಂದ ಬೆರಸಬಾರದು ಎಂದು ಕೆಲವರು ಅರ್ಥಮಾಡುವುದುಂಟು. ವಸ್ತುಸ್ಥಿತಿಯು ಇದಕ್ಕೆ ವಿರುದ್ಧವಾಗಿದೆ. ಎರಡೂ ಜಿಡ್ಡೇ, ಕಾಯಿಸಿ ಸುರಿದರೆ ಎರಡೂ ನಿಶ್ಶೇಷವಾಗಿ ಒಂದಾಗುತ್ತವೆ. ಎಷ್ಟು ಹೊತ್ತು ಇಟ್ಟರೂ ಎಲ್ಲೆಯು ಮೂಡುವುದಿಲ್ಲ. ತುಪ್ಪದ ಪರಿಮಳವೂ ಕೆಟ್ಟಿತು, ಎಣ್ಣೆಯ ಗುಣವೂ ಕೆಟ್ಟಿತು, ಮರಳಿ ಬೇರ್ಪಡಿಸುವ ಉಪಾಯವೂ ಇಲ್ಲವಾಯಿತು. ಕವಿಯ ಆಕ್ಷೇಪಕ್ಕೆ ಬಲವು ಬರುವುದು ಇಲ್ಲಿಂದ. ಬೆರೆಯದಿರುವುದು ದೋಷವಲ್ಲ, ಎಲ್ಲೆಯಿಲ್ಲದಂತೆ ಬೆರೆತುಹೋಗುವುದೇ ದೋಷ.

ಎಣ್ಣೆ ನೀರುಗಳ ಸಂಬಂಧವು ಬೇರೆ ಬಗೆಯದು. ಅವು ಒಂದಾಗುವುದಿಲ್ಲ, ಆದರೂ ಅವುಗಳ ನಡುವೆ ವ್ಯವಹಾರವುಂಟು. ಎಲ್ಲೆಯು ಉಳಿದಿರುವುದರಿಂದಲೇ ಒಂದರೊಳಗಿದ್ದ ಬೆಲೆಯುಳ್ಳ ಪದಾರ್ಥವು ಇನ್ನೊಂದಕ್ಕೆ ಆಯ್ದು ದಾಟುವುದು ಸಾಧ್ಯವಾಗುತ್ತದೆ. ಎರಡೂ ಒಂದೇ ಆಗಿದ್ದರೆ ಆಯ್ಕೆಯೆಂಬುದೇ ಇರುತ್ತಿರಲಿಲ್ಲ. ಶಾಸ್ತ್ರಗದ್ಯದಲ್ಲಿ ಕನ್ನಡ ಸಂಸ್ಕೃತಗಳ ಸಂಬಂಧಕ್ಕೆ ಹೊಂದುವ ಉಪಮಾನವು ಇದೇ ಎಂದು ಹೇಳಬಹುದಾಗಿದೆ. ‘ಕವಿರಾಜಮಾರ್ಗ’, ‘ಶಬ್ದಮಣಿದರ್ಪಣ’ಗಳಲ್ಲಿ ಅರಿಸಮಾಸವನ್ನು ಕುರಿತು ಮಾಡಿರುವ ವಿಚಾರವು ಕೇವಲ ಶಬ್ದಶುದ್ಧಿಯ ಹಟವಲ್ಲ. ಸಮಾಸದೊಳಗೆ ಎಲ್ಲೆಯು ಅಳಿಸಿಹೋಗುತ್ತದೆ, ವಾಕ್ಯದೊಳಗೆ ಉಳಿಯುತ್ತದೆ. ‘ದ್ರಾವಕಸೆಳೆತ’ವೆಂದು ಬೆಸೆಯುವುದಕ್ಕೂ ‘ದ್ರಾವಕದ ಸೆಳೆತ’ವೆಂದು ವಿಭಕ್ತಿಯನ್ನಿಟ್ಟು ಹೇಳುವುದಕ್ಕೂ ಇರುವ ಭೇದವು ಇದೇ. ಎರಡನೆಯದರಲ್ಲಿ ಎರಡು ಮಾತುಗಳೂ ತಮ್ಮ ತಮ್ಮ ರೂಪದಲ್ಲಿ ನಿಂತು ಅರ್ಥವನ್ನು ಹಂಚಿಕೊಳ್ಳುತ್ತವೆ.

೪

ಬೇರ್ಪಡಿಸುವುದೆಂದರೆ ಪಂಡಿತರಿಗೆ ಮೊದಲು ನೆನಪಾಗುವುದು ಹಂಸ. ಹಾಲು ನೀರುಗಳನ್ನು ಬೇರೆಮಾಡುವ ಹಂಸದ ಕವಿಸಮಯವು ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಸರ್ವತ್ರ ವ್ಯಾಪಿಸಿದೆ. ಅಲಂಕಾರಶಾಸ್ತ್ರದಲ್ಲಿ ಇದರ ನೆರೆಯಲ್ಲಿಯೇ ಇನ್ನೊಂದು ವ್ಯವಸ್ಥೆಯಿದೆ. ಒಂದೇ ಪದ್ಯದಲ್ಲಿ ಎರಡು ಅಲಂಕಾರಗಳು ಎಳ್ಳು ಅಕ್ಕಿಗಳಂತೆ ಬೇರೆಬೇರೆಯಾಗಿ ಕಾಣುವಂತಿದ್ದರೆ ಸಂಸೃಷ್ಟಿಯೆಂದೂ, ಹಾಲು ನೀರಿನಂತೆ ಬೆರೆತಿದ್ದರೆ ಸಂಕರವೆಂದೂ ಆಲಂಕಾರಿಕರು ವಿಭಾಗಿಸಿದ್ದಾರೆ. ವಿಭಾಗವು ಸೂಕ್ಷ್ಮವಾದುದೇ. ಆದರೆ ಪ್ರಕೃತವಿಷಯದ ಮುಂದಿಟ್ಟು ನೋಡಿದರೆ ಎರಡು ನ್ಯೂನತೆಗಳು ತೋರುತ್ತವೆ.

ಮೊದಲನೆಯದು, ಈ ನ್ಯಾಯಗಳು ಸ್ಥಿತಿಯನ್ನು ಹೇಳುತ್ತವೆ, ಕಾಲವನ್ನು ಹೇಳುವುದಿಲ್ಲ. ಹಂಸವು ಎಷ್ಟು ಹೊತ್ತಿನಲ್ಲಿ ಹಾಲನ್ನು ಬೇರೆಮಾಡಿತೆಂದು ಯಾವ ಕವಿಯೂ ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಕಾವ್ಯದಲ್ಲಿರಲಿಲ್ಲ. ವಿವೇಕವನ್ನು ಹೊಗಳುವುದಷ್ಟೇ ಅಲ್ಲಿಯ ಉದ್ದೇಶ. ಎರಡನೆಯದು, ಹಾಲೆಂಬುದು ಏಕರೂಪವಾದ ದ್ರವವಲ್ಲ. ನೀರಿನಲ್ಲಿ ಜಿಡ್ಡಿನ ಅತಿಸೂಕ್ಷ್ಮವಾದ ಹನಿಗಳು ಹರಡಿಕೊಂಡು ಹಾಲಾಗಿದೆ. ಒಂದೊಂದು ಹನಿಯ ಸುತ್ತಲೂ ಒಂದು ಎಲ್ಲೆಯಿದೆ. ಹಾಲು ನೀರುಗಳಲ್ಲಿ ಎಲ್ಲೆಯೇ ಇಲ್ಲವೆಂದು ಭಾವಿಸಿದ ಕಣ್ಣಿಗೆ ಅಗಣಿತವಾದ ಎಲ್ಲೆಗಳು ಕಾಣದೆಹೋದುವು.

ಇದನ್ನು ಚೆನ್ನಾಗಿ ಬಲ್ಲವರು ಮೊಸರು ಕಡೆಯುವ ಹೆಂಗಸರು. ದೇವನಹಳ್ಳಿಯ ಕಡೆಯಾಗಲಿ ನೆಲಮಂಗಲದ ಕಡೆಯಾಗಲಿ, ಚಳಿಗಾಲದಲ್ಲಿ ಬೆಣ್ಣೆ ಬೇಗ ಬಾರದಿದ್ದರೆ ಗಡಿಗೆಗೆ ಸ್ವಲ್ಪ ಬಿಸಿನೀರನ್ನೂ, ಬೇಸಗೆಯಲ್ಲಿ ಬೆಣ್ಣೆ ಗಟ್ಟಿಯಾಗಿ ಕೂಡದಿದ್ದರೆ ತಣ್ಣೀರನ್ನೂ ಹಾಕುವುದು ಮನೆಮನೆಯ ವಾಡಿಕೆ. ಬೆಣ್ಣೆ ಎಷ್ಟು ಬರುತ್ತದೆಂಬುದು ಹಾಲಿನ ಜಿಡ್ಡನ್ನು ಅವಲಂಬಿಸಿದೆ. ಎಷ್ಟು ಬೇಗ ಬರುತ್ತದೆಂಬುದು ಕಡೆಯುವ ಕೈಯನ್ನೂ ಮೊಸರಿನ ಬಿಸಿಯನ್ನೂ ಅವಲಂಬಿಸಿದೆ. ಬಿಸಿನೀರು ಹಾಕಿದರೆ ಬೆಣ್ಣೆ ಬೇಗ ಬಂದೀತು, ಹಾಲಿನಲ್ಲಿಲ್ಲದ ಬೆಣ್ಣೆ ಬಾರದು. ಪರಿಮಾಣವಿಚಾರಕ್ಕೂ ವೇಗವಿಚಾರಕ್ಕೂ ಇರುವ ಭೇದವನ್ನು ಇದಕ್ಕಿಂತ ನಿರ್ದುಷ್ಟವಾಗಿ ಹೇಳುವುದು ಕಷ್ಟ. ಹಾಗೆಯೇ ದೊಡ್ಡಬಳ್ಳಾಪುರದ ನೆಯ್ಗೆಯವರಿಗೆ ನೂಲನ್ನು ಅದ್ದಿಕೊಡುವ ಬಣ್ಣಗಾರರ ಕೆಲಸವೂ. ಬಣ್ಣವು ನೀರನ್ನು ಬಿಟ್ಟು ರೇಷ್ಮೆಯನ್ನು ಸೇರುವುದು ಒಂದು ನೆಲೆಯಿಂದ ಇನ್ನೊಂದು ನೆಲೆಗೆ ದಾಟುವುದೇ ಸರಿ. ನೂಲು ಬಣ್ಣವನ್ನು ಎಷ್ಟು ಹಿಡಿಯಿತು ಎಂಬುದೊಂದು ಮಾತು, ಎಷ್ಟು ಬೇಗ ಹತ್ತಿತು ಎಂಬುದು ಇನ್ನೊಂದು ಮಾತು. ಬಹಳ ಬೇಗ ಹತ್ತಿದ ಬಣ್ಣವು ಒಂದೇ ಸಮನಾಗಿ ಕೂರುವುದಿಲ್ಲವೆಂಬುದರಿಂದಲೇ ಬಿಸಿಯನ್ನು ಮೆಲ್ಲಗೆ ಏರಿಸುತ್ತಾರೆ. ‘ಹಿಡಿಯುವುದು’, ‘ಹತ್ತುವುದು’ ಎಂಬ ಎರಡು ಧಾತುಗಳಲ್ಲಿ ಬಳಕೆಯ ಕನ್ನಡವು ಈ ವಿವೇಕವನ್ನು ತನ್ನಷ್ಟಕ್ಕೆ ತಾನೇ ಇಟ್ಟುಕೊಂಡಿದೆ.

೫

ಇನ್ನು ಒಂದೊಂದಾಗಿ ಶಬ್ದಗಳನ್ನು ವಿಚಾರಿಸಬೇಕು. ಅದಕ್ಕೆ ಮುಂಚೆ ಒಂದು ನಿಕಷವನ್ನು ಸ್ಥಾಪಿಸಿಕೊಳ್ಳುವುದು ಅವಶ್ಯ. ವ್ಯುತ್ಪತ್ತಿಗೆ ಹೊಂದದ ಮಾತ್ರಕ್ಕೆ ಪಾರಿಭಾಷಿಕ ಶಬ್ದವು ದುಷ್ಟವಾಗುವುದಿಲ್ಲ. ಯೋಗಾರ್ಥಕ್ಕಿಂತ ರೂಢಾರ್ಥವು ಬಲವತ್ತರವೆಂಬುದು ಶಾಸ್ತ್ರಸಮ್ಮತವೇ ಆಗಿದೆ. ಇಂಗಾಲದ ಸಂಯುಕ್ತಗಳಿಗೆ ಕನ್ನಡದಲ್ಲಿ ‘ಸಾವಯವ’ವೆಂಬ ಹೆಸರು ನಿಂತಿದೆ. ತರ್ಕಶಾಸ್ತ್ರದಲ್ಲಿ ಸಾವಯವವೆಂದರೆ ಅವಯವಗಳಿಂದ ಕೂಡಿದ ಯಾವ ವಸ್ತುವಾದರೂ ಸರಿ, ಗಡಿಗೆಯೂ ಸಾವಯವವೇ. ಆದರೂ ರಸಾಯನಶಾಸ್ತ್ರದ ತರಗತಿಯಲ್ಲಿ ಗಡಿಗೆಯನ್ನು ನೆನೆದು ಯಾವ ವಿದ್ಯಾರ್ಥಿಯೂ ಮೋಸಹೋಗುವುದಿಲ್ಲ. ಇದು ನಿರಪಾಯವಾದ ವಿಸಂಗತಿ. ಯಾವ ಶಬ್ದದ ಇನ್ನೊಂದು ಅರ್ಥವು ಅದೇ ಪ್ರಕರಣದೊಳಗೆ ನುಗ್ಗಿ ವಿಪರೀತಜ್ಞಾನವನ್ನು ಹುಟ್ಟಿಸುತ್ತದೆಯೋ ಅದು ಮಾತ್ರ ತ್ಯಾಜ್ಯ ಅಥವಾ ವಿವರಣೀಯ.

ಈ ನಿಕಷದಲ್ಲಿ ‘ದ್ರಾವಕ’ವು ತೊಂದರೆಯ ಶಬ್ದ. ಕರಗಿಸುವ ದ್ರವಕ್ಕೆಲ್ಲ ಈಗ ಈ ಹೆಸರು ಸಲ್ಲುತ್ತದೆ. ಆದರೆ ವೈದ್ಯಶಾಸ್ತ್ರದಲ್ಲಿ ಅದು ತೀಕ್ಷ್ಣವಾದ ಆಮ್ಲಕ್ಕೆ ಬಹುಕಾಲದಿಂದ ಸಲ್ಲುತ್ತಿತ್ತು. ಶಂಖವನ್ನೂ ಕರಗಿಸುವ ‘ಶಂಖದ್ರಾವಕ’ವು ಆಯುರ್ವೇದದಲ್ಲಿ ಪ್ರಸಿದ್ಧ. ಬೇರೆ ಪ್ರಕರಣಗಳಲ್ಲಿ ಇದರಿಂದ ಬಾಧೆಯಿಲ್ಲ. ಇಲ್ಲಿಯಾದರೋ ನೀರಿನ ಕಡೆಯಲ್ಲಿ ನೈಟ್ರಿಕ್ ಆಮ್ಲವೂ, ಎಣ್ಣೆಯ ಕಡೆಯಲ್ಲಿ ಟ್ರೈಬ್ಯೂಟೈಲ್ ಫಾಸ್ಫೇಟೂ ಇದಿರುಬದಿರಾಗಿ ನಿಂತಿವೆ. ‘ದ್ರಾವಕವನ್ನು ಸೇರಿಸಿದಾಗ’ ಎಂಬ ವಾಕ್ಯವು ಎರಡರಲ್ಲಿ ಯಾವುದನ್ನು ಹೇಳಿತು? ಹಳೆಯ ಅರ್ಥವನ್ನು ಬಲ್ಲವನಿಗೆ ಒಂದು, ಹೊಸ ಪಾಠವನ್ನು ಓದಿದವನಿಗೆ ಇನ್ನೊಂದು. ಶಬ್ದವನ್ನು ಬಿಡುವ ಕಾಲವು ಮೀರಿದೆ. ಆದರೆ ಈ ಪ್ರಕರಣದಲ್ಲಿ ‘ಎಣ್ಣೆಯ ಕಡೆಯ ದ್ರಾವಕ’ವೆಂದು ವಿಶೇಷಿಸಿ ಹೇಳುವುದು ಲೇಖಕನ ಕರ್ತವ್ಯ.

‘ನಿಷ್ಕರ್ಷಣ’ವೆಂದರೆ ಹೊರಕ್ಕೆ ಸೆಳೆಯುವುದೆಂದು ಸಂಸ್ಕೃತದಲ್ಲಿ ಅರ್ಥವಾಗುವುದು ನಿಜ. ಆದರೆ ಕನ್ನಡದಲ್ಲಿ ‘ನಿಷ್ಕರ್ಷೆ’ಯೆಂದರೆ ನಿರ್ಣಯ. ‘ದ್ರಾವಕನಿಷ್ಕರ್ಷಣೆ’ಯೆಂಬುದನ್ನು ಕೇಳಿದ ಅಧ್ಯಾಪಕನು ಯಾವ ದ್ರಾವಕವನ್ನು ಬಳಸಬೇಕೆಂಬ ತೀರ್ಮಾನವೆಂದು ತಿಳಿದರೆ ಅವನನ್ನು ದೂರುವಂತಿಲ್ಲ. ಕನ್ನಡದ ‘ಸೆಳೆತ’ವು ಇಲ್ಲಿ ನಿರ್ದೋಷವೂ ಅರ್ಥಗರ್ಭಿತವೂ ಆಗಿದೆ.

ಎರಡು ದ್ರವಗಳು ಸಂಧಿಸುವ ಮೈಗೆ ‘ಅಂತರ್ಮುಖ’ವೆಂಬುದು ಇನ್ನೂ ಶೋಚನೀಯ. ಅಂತರ್ಮುಖನೆಂದರೆ ಒಳಕ್ಕೆ ತಿರುಗಿದವನು, ಧ್ಯಾನಶೀಲನು. ಎರಡು ಮುಖಗಳ ನಡುವಣದು ಎಂಬರ್ಥವನ್ನು ಆ ಸಮಾಸದಿಂದ ಹಿಂಡಿ ತೆಗೆಯುವುದು ಕ್ಲಿಷ್ಟಕಲ್ಪನೆ. ‘ಮೇಲ್ಮೈ’ ಎಂಬ ಮಾತು ಶಾಸ್ತ್ರಗದ್ಯದಲ್ಲಿ ನಿರ್ವಿವಾದವಾಗಿ ನೆಲೆಗೊಂಡಿರುವಾಗ, ಅದರ ದಾರಿಯಲ್ಲಿಯೇ ‘ಎಲ್ಲೆಮೈ’ ಎಂದು ಹೇಳುವುದರಲ್ಲಿ ಹಾನಿಯೇನೂ ಇಲ್ಲ. ಶಬ್ದವೂ ಅರ್ಥವೂ ಒಟ್ಟಿಗೆ ತಿಳಿಯುತ್ತವೆ.

‘ಸಮತೋಲ’ವು ವಿಚಾರಣೀಯ. ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ನಿಂತ ಚಿತ್ರವನ್ನು ಅದು ಕೊಡುತ್ತದೆ. ಇದರಿಂದ ಎರಡು ತಪ್ಪುಗಳು ಹುಟ್ಟುತ್ತವೆ: ಎರಡು ದ್ರವಗಳಲ್ಲಿಯೂ ಲೋಹವು ಸಮನಾಗಿದೆಯೆಂಬುದು ಒಂದು, ಚಲನೆಯೇ ನಿಂತುಹೋಗಿದೆಯೆಂಬುದು ಇನ್ನೊಂದು. ವಾಸ್ತವವಾಗಿ ಲೋಹವು ಎಣ್ಣೆಯಲ್ಲಿ ಬಹುಪಾಲು, ನೀರಿನಲ್ಲಿ ಅಲ್ಪಪಾಲು ಇರಬಹುದು. ದಾಟುವುದೂ ಮರಳುವುದೂ ಎಡೆಬಿಡದೆ ನಡೆಯುತ್ತಲೇ ಇರುತ್ತದೆ. ಸಮನಾಗಿರುವುದು ಹೋಗುವಿಕೆ ಬರುವಿಕೆಗಳ ವೇಗವೇ ಹೊರತು ಇರುವಿಕೆಯ ಪರಿಮಾಣವಲ್ಲ. ಶಬ್ದವು ಬೇರೂರಿರುವುದರಿಂದ ಅದನ್ನು ಕೀಳಬೇಕಾಗಿಲ್ಲ; ಮೊದಲ ಪ್ರಯೋಗದಲ್ಲಿಯೇ ಈ ಎರಡು ವಾಕ್ಯಗಳ ವಿವರಣೆಯನ್ನು ಕೊಟ್ಟರೆ ಸಾಕು.

‘ಚಲನಶಾಸ್ತ್ರ’ವೆಂದು ಕೈನೆಟಿಕ್ಸಿಗೆ ಇಟ್ಟಿರುವ ಹೆಸರು ಕಲ್ಲಿನ ಚಲನೆಗೂ ಗ್ರಹದ ಚಲನೆಗೂ ಸಮಾನವಾಗಿ ಸಲ್ಲುವಂತಹುದು. ರಸಾಯನಶಾಸ್ತ್ರದಲ್ಲಿ ವಿಚಾರಣೆಗೆ ಬರುವುದು ಪರಿವರ್ತನೆಯ ವೇಗ. ‘ವೇಗವಿಚಾರ’ವೆಂದರೆ ಸಮಾಸವೂ ಶುದ್ಧ, ಅರ್ಥವೂ ಸ್ಪಷ್ಟ.

ಹಾಗಾದರೆ ಯುರೇನಿಯಂ, ಆಕ್ಟಿನೈಡ್ ಎಂಬ ಹೆಸರುಗಳಿಗೂ ಕನ್ನಡವನ್ನು ಕಲ್ಪಿಸಬೇಕೆ? ಬೇಕಾಗಿಲ್ಲ. ಜಾತಿಶಬ್ದ, ಗುಣಶಬ್ದ, ಕ್ರಿಯಾಶಬ್ದ, ಯದೃಚ್ಛಾಶಬ್ದ ಎಂದು ಮಹಾಭಾಷ್ಯಕಾರನು ಮಾಡಿರುವ ಚತುರ್ವಿಧ ವಿಭಾಗವು ಇಲ್ಲಿ ದಾರಿತೋರುತ್ತದೆ. ಮೂಲವಸ್ತುಗಳ ಹೆಸರುಗಳು ಇಟ್ಟುಕೊಂಡ ಹೆಸರುಗಳು, ಯದೃಚ್ಛಾಶಬ್ದಗಳ ಜಾತಿಯವು. ಡಿತ್ಥನೆಂಬ ಹೆಸರನ್ನು ಯಾರೂ ಭಾಷಾಂತರಿಸುವುದಿಲ್ಲ. ಕ್ರಿಯೆಯನ್ನೂ ಗುಣವನ್ನೂ ಹೇಳುವ ಮಾತುಗಳು ಮಾತ್ರ ಓದುವವನ ಭಾಷೆಯಲ್ಲಿರಬೇಕು, ಏಕೆಂದರೆ ತಿಳಿವಳಿಕೆಯು ನಡೆಯುವುದು ಅವುಗಳ ಮೂಲಕ.

೬

ಶಬ್ದಗಳಿಗಿಂತ ಮುಖ್ಯವಾದುದು ವಾಕ್ಯ. ವೇಗವಿಚಾರದಲ್ಲಿ ಕ್ರಮವೇ ಪ್ರಾಣ. ಹಲವು ಹೆಜ್ಜೆಗಳಲ್ಲಿ ಅತ್ಯಂತ ನಿಧಾನವಾದ ಹೆಜ್ಜೆ ಯಾವುದೋ ಅದು ಒಟ್ಟಿನ ವೇಗವನ್ನು ನಿರ್ಣಯಿಸುತ್ತದೆ. ಆದುದರಿಂದ ಹೆಜ್ಜೆಗಳು ಬೇರೆಬೇರೆಯಾಗಿ ಕಾಣದಿದ್ದರೆ ವಿಷಯವೇ ಕಾಣಲಿಲ್ಲವೆಂದಾಯಿತು. ರೂಢಿಯ ಶೈಲಿಗೆ ಮಾದರಿಯಾಗಿ ಇಂತಹ ಒಂದು ವಾಕ್ಯವನ್ನು ಕಟ್ಟಬಹುದು: ‘ಜಲೀಯಪ್ರಾವಸ್ಥಾಸ್ಥಿತ ಲೋಹಾಯಾನುಗಳ ಅಂತರ್ಮುಖಸಂಕೀರ್ಣೀಭವನಪೂರ್ವಕ ಸಾವಯವಪ್ರಾವಸ್ಥಾಪ್ರವೇಶವು ಸಂಭವಿಸಲ್ಪಡುತ್ತದೆ.’ ಸಮಾಸಗಳಲ್ಲಿ ದೋಷವಿಲ್ಲವೆಂದೇ ಇಟ್ಟುಕೊಂಡರೂ, ಮುಂದಣದೂ ಹಿಂದಣದೂ ಒಂದೇ ಗಂಟಿನಲ್ಲಿ ಕಟ್ಟಿಹೋಗಿವೆ. ಸಾಲದುದಕ್ಕೆ ಅಕರ್ಮಕಧಾತುವಿಗೆ ಕರ್ಮಣಿಪ್ರಯೋಗದ ಬಾಲವೂ ಅಂಟಿಕೊಂಡಿದೆ.

ಇದೇ ಅರ್ಥವನ್ನು ಕನ್ನಡದ ಸಹಜವಾದ ವಾಕ್ಯಕ್ರಮದಲ್ಲಿ ಹೇಳಿದರೆ ಹೀಗಾಗುತ್ತದೆ: ‘ಲೋಹವು ನೀರಿನೊಳಗಿಂದ ಎಲ್ಲೆಮೈಯ ಬಳಿಗೆ ಬಂದು, ತನ್ನನ್ನು ಸುತ್ತಿದ್ದ ನೀರಿನ ಹೊದಿಕೆಯನ್ನು ಕಳಚಿ, ಎಣ್ಣೆಯ ಕಡೆಯ ಅಣುಗಳನ್ನು ಕೂಡಿಕೊಂಡು, ಎಲ್ಲೆಯನ್ನು ದಾಟಿ, ಎಣ್ಣೆಯೊಳಗೆ ಹರಡಿಕೊಳ್ಳುತ್ತದೆ.’ ಒಂದೊಂದು ಕ್ತ್ವಾರ್ಥಕ ಕ್ರಿಯೆಯೂ ಒಂದೊಂದು ಹೆಜ್ಜೆ. ಬರುವುದು ನಿಧಾನವೋ, ಕಳಚುವುದು ನಿಧಾನವೋ ಎಂಬ ಪ್ರಶ್ನೆಯು ಈಗ ತಾನಾಗಿಯೇ ಏಳುತ್ತದೆ. ಸಮಾನಕರ್ತೃಕವಾದ ಎರಡು ಕ್ರಿಯೆಗಳಲ್ಲಿ ಪೂರ್ವಕಾಲದ್ದಕ್ಕೆ ಕ್ತ್ವಾಪ್ರತ್ಯಯವೆಂದು ಪಾಣಿನಿಯು ವಿಧಿಸಿರುವುದು ಕನ್ನಡದ ‘ಬಂದು’, ‘ಕೂಡಿ’, ‘ದಾಟಿ’ಗಳಿಗೂ ಹೊಂದುವುದು. ಆದರೆ ಆ ವಿಧಿಯಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಕರ್ತೃವು ಒಂದೇ ಆಗಿರಬೇಕು, ಕಾಲವು ಹಿಂದುಮುಂದಾಗಿರಬೇಕು. ಏಕಕಾಲದಲ್ಲಿ ಕೆಲವು ಕಣಗಳು ದಾಟುತ್ತಿರುವಾಗಲೇ ಕೆಲವು ಮರಳುತ್ತಿವೆಯೆಂಬುದನ್ನು ಈ ಸರಪಣಿಯು ಹೇಳಲಾರದು. ಅದಕ್ಕೆ ಪ್ರತ್ಯೇಕವಾದ ವಾಕ್ಯವೇ ಬೇಕು. ಈ ಮಿತಿಯನ್ನು ಮರೆತು ಎಲ್ಲವನ್ನೂ ಒಂದೇ ಸರಪಣಿಯಲ್ಲಿ ಪೋಣಿಸುವ ಲೇಖಕನು ಸಮಾಸಪ್ರಿಯನಷ್ಟೇ ತಪ್ಪುಮಾಡುತ್ತಾನೆ.

ನಿಧಾನದ ಹೆಜ್ಜೆಯು ಎಲ್ಲಿರುತ್ತದೆಂಬುದಕ್ಕೆ ಒಂದು ದೃಷ್ಟಾಂತವು ಉಪಯುಕ್ತ. ಅಮೆರಿಕದ ಓಕ್ ರಿಜ್ ಎಂಬಲ್ಲಿ ೧೯೬೦ರ ದಶಕದಲ್ಲಿ ರೂಪಿಸಿದ ಒಂದು ವಿಧಾನದಲ್ಲಿ, ಅಮೆರಿಷಿಯಮ್ಮಿನಂತಹ ಲೋಹಗಳನ್ನು ನೀರಿನ ಕಡೆಯಲ್ಲಿಯೇ ಬಿಗಿಹಿಡಿ‌ಯುವ ಒಂದು ಸಂಯುಕ್ತವನ್ನು ಹಾಕಿ, ಲ್ಯಾಂಥನೈಡ್ ಲೋಹಗಳನ್ನು ಎಣ್ಣೆಯ ಕಡೆಗೆ ಸೆಳೆಯುತ್ತಾರೆ. ಆ ಹಿಡಿತವು ಬಿಡುವುದೇ ನಿಧಾನವಾದುದರಿಂದ ದಾಟುವಿಕೆಯೆಲ್ಲವೂ ತಡವಾಗುತ್ತದೆ. ಅದನ್ನು ಚುರುಕುಗೊಳಿಸುವುದು ಲ್ಯಾಕ್ಟಿಕ್ ಆಮ್ಲ, ಎಂದರೆ ಮೊಸರಿನ ಹುಳಿ. ಎಲ್ಲೆಯ ಕಡೆಗೆ ನೋಡುತ್ತ ಕುಳಿತವನಿಗೆ ಈ ಕಾರಣವು ತಿಳಿಯದು. ಹೆಜ್ಜೆಗಳನ್ನು ಮೊದಲಿನಿಂದ ಎಣಿಸಿದವನಿಗೆ ತಿಳಿಯುತ್ತದೆ.

೭

ಇಷ್ಟರಿಂದ ಸಂಸ್ಕೃತಕ್ಕೆ ಶಾಸ್ತ್ರಗದ್ಯದಲ್ಲಿ ಸ್ಥಾನವಿಲ್ಲವೆಂದು ಭಾವಿಸಬಾರದು. ಸ್ಥಾನವು ಬೇರೆ ಕಡೆಯಲ್ಲಿದೆ. ದಾಟುವಿಕೆಯ ವೇಗವನ್ನು ಅಳೆಯಲು ಇಂಗ್ಲೆಂಡಿನ ಲೂಯಿಸನು ೧೯೫೪ರಲ್ಲಿ ವರ್ಣಿಸಿದ ಪಾತ್ರೆಯಲ್ಲಿ, ಎರಡು ದ್ರವಗಳನ್ನೂ ಎಲ್ಲೆಯು ಕದಡದಂತೆ ಬೇರೆಬೇರೆಯಾಗಿ ಕಲಕುತ್ತಾರೆ. ಎಲ್ಲೆಯ ಎರಡು ಪಕ್ಕದಲ್ಲಿಯೂ ಕದಲದ ತೆಳುಪೊರೆಯೊಂದಿದೆಯೆಂದು ವ್ಹಿಟ್ಮನ್ ೧೯೨೩ರಲ್ಲಿ ಹೇಳಿದ್ದನು. ಕಲಕುವ ವೇಗವನ್ನು ಏರಿಸಿದಂತೆ ಪೊರೆಯು ತೆಳುವಾಗಿ ದಾಟುವಿಕೆಯು ಹೆಚ್ಚುತ್ತದೆ. ಒಂದು ಹಂತದಮೇಲೆ ಹೆಚ್ಚದೆ ನಿಲ್ಲುತ್ತದೆ. ಆಗ ಕೆಲವರು ಅನುಮಾನಿಸುತ್ತಾರೆ: ಕಲಕುವುದರಿಂದ ಇನ್ನು ಭೇದವಾಗಲಿಲ್ಲ, ಆದಕಾರಣ ನಿಧಾನದ ಹೆಜ್ಜೆಯು ಪೊರೆಯೊಳಗಿನ ಸಂಚಾರವಲ್ಲ, ರಾಸಾಯನಿಕ ಸಂಯೋಗವೇ.

ತರ್ಕವನ್ನೋದಿದವನು ಇಲ್ಲಿ ತಡೆದು ಕೇಳುತ್ತಾನೆ: ಹೇತುವು ಸಾಧ್ಯವನ್ನು ಬಿಟ್ಟು ಬೇರೆಡೆಯಲ್ಲಿಯೂ ಇರುತ್ತದೆಯೇ? ಇರುತ್ತದೆ. ಎಲ್ಲೆಯ ಪಕ್ಕದ ಪೊರೆಯು ಒಂದು ಮಿತಿಗಿಂತ ತೆಳುವಾಗದೆ ಉಳಿದರೂ ವೇಗವು ಹಾಗೆಯೇ ನಿಲ್ಲಬಹುದು. ಆದುದರಿಂದ ಇದು ಅನೈಕಾಂತಿಕವಾದ ಹೇತು, ಹೇತ್ವಾಭಾಸ. ಎಲ್ಲೆಮೈಯ ವಿಸ್ತಾರವನ್ನೂ, ಲೋಹದ ಮತ್ತು ಸೆಳೆಯುವ ದ್ರವ್ಯದ ಸಾಂದ್ರತೆಯನ್ನೂ, ಉಷ್ಣತೆಯನ್ನೂ ಬೇರೆಬೇರೆಯಾಗಿ ಬದಲಿಸಿ ನೋಡಿದಮೇಲೆಯೇ ನಿರ್ಣಯ. ಪ್ರಯೋಗಶಾಲೆಯವರು ಈ ಎಚ್ಚರಿಕೆಯನ್ನು ತಮ್ಮ ಅನುಭವದಿಂದ ಕಂಡುಕೊಂಡಿದ್ದಾರೆ. ಆದರೆ ಅದನ್ನು ಕನ್ನಡದಲ್ಲಿ ಹೇಳಬೇಕಾದಾಗ ಅನೈಕಾಂತಿಕ, ವ್ಯಾಪ್ತಿ, ಉಪಾಧಿ, ಅನ್ವಯವ್ಯತಿರೇಕ ಎಂಬ ಶಬ್ದಗಳು ಶತಮಾನಗಳ ವಾದದಲ್ಲಿ ತೇಯ್ದು ಹೊಳಪಾಗಿ ಸಿದ್ಧವಾಗಿವೆ. ಇವುಗಳನ್ನು ಹೊಸದಾಗಿ ಕಟ್ಟಬೇಕಾಗಿಲ್ಲ, ಬಳಸಬೇಕಾಗಿದೆ ಅಷ್ಟೆ. ಪಂಡಿತರು ವಸ್ತುಗಳಿಗೆ ಹೆಸರಿಡುವ ಕೆಲಸದಲ್ಲಿ ಶ್ರಮಪಟ್ಟರು. ಯುಕ್ತಿಗಳ ಹೆಸರನ್ನು ಕೊಡುವ ಕೆಲಸವನ್ನು ಮರೆತರು. ಮೊದಲನೆಯದರಲ್ಲಿ ಅವರಿಗೆ ವಸ್ತುಪರಿಚಯವಿರಲಿಲ್ಲ, ಎರಡನೆಯದರಲ್ಲಿ ಅವರಿಗೆ ಸಮಾನರಿರಲಿಲ್ಲ.

ಇದಕ್ಕೆ ಪೂರ್ವಪಕ್ಷವೊಂದುಂಟು. ಸಂಸ್ಕೃತಪರಿಭಾಷೆಯಿಂದ ಭಾರತದ ಭಾಷೆಗಳಿಗೆಲ್ಲ ಐಕ್ಯವುಂಟಾಗುತ್ತದೆ, ದೇಶ್ಯವನ್ನು ಹಿಡಿದರೆ ಅದು ತಪ್ಪುತ್ತದೆ ಎಂದು ಹೇಳುತ್ತಾರೆ. ಆದರೆ ನಿಷ್ಕರ್ಷ, ಅಂತರ್ಮುಖ ಮೊದಲಾದ ಶಬ್ದಗಳು ಒಂದೊಂದು ಭಾಷೆಯಲ್ಲಿಯೂ ಒಂದೊಂದು ರೂಢಾರ್ಥವನ್ನು ಪಡೆದಿರುವುದರಿಂದ, ಅಕ್ಷರದ ಐಕ್ಯವು ಅರ್ಥದ ಐಕ್ಯವಾಗಿ ಪರಿಣಮಿಸಿಲ್ಲ. ಸಂಶೋಧನೆಯು ಹೇಗೂ ಇಂಗ್ಲಿಷಿನಲ್ಲಿ ನಡೆಯುತ್ತಿದೆ, ಕನ್ನಡದ ಗೊಡವೆಯೇಕೆ ಎಂಬುದು ಇನ್ನೊಂದು ಪಕ್ಷ. ಸಂಶೋಧಕನು ಇಂಗ್ಲಿಷಿನಲ್ಲಿ ಬರೆಯಲಿ. ಆದರೆ ಆ ಸ್ಥಾವರದ ನೆರೆಯಲ್ಲಿ ವಾಸಿಸುವವನೂ, ಕಣಶಿಲೆಯ ಆಳದ ನೀರನ್ನು ಕುಡಿಯುವವನೂ ಕನ್ನಡದಲ್ಲಿ ಪ್ರಶ್ನೆಯನ್ನು ಕೇಳುತ್ತಾರೆ. ಪ್ರಶ್ನೆಯಿದ್ದ ಭಾಷೆಯಲ್ಲಿಯೇ ಉತ್ತರವೂ ಇರಬೇಕು. ತಿಳಿಯದ ಮಾತಿನ ಉತ್ತರವು ಭಯವನ್ನು ಕಳೆಯುವುದಿಲ್ಲ, ಅಪಾಯವಿದ್ದರೆ ಎಚ್ಚರಿಸುವುದೂ ಇಲ್ಲ.

ಆದುದರಿಂದ ಪ್ರಕೃತಪರೀಕ್ಷೆಯಿಂದ ಸಿದ್ಧವಾದುದು ಇಷ್ಟು. ದ್ರವ್ಯಗಳ ಹೆಸರುಗಳು ಬಂದಂತೆಯೇ ಇರಲಿ. ಕ್ರಿಯೆಗಳನ್ನು ಗಡಿಗೆಯ ಮುಂದೆಯೂ ಬಣ್ಣದ ಕೊಪ್ಪರಿಗೆಯ ಮುಂದೆಯೂ ಕೆಲಸಮಾಡುವವರ ಕನ್ನಡವು ಹೇಳಲಿ. ಯುಕ್ತಿಯ ಬಲಾಬಲಗಳನ್ನು ಸಂಸ್ಕೃತದ ತರ್ಕಪರಿಭಾಷೆಯು ತೂಗಲಿ. ಮೂರೂ ತಮ್ಮ ತಮ್ಮ ಎಲ್ಲೆಯಲ್ಲಿ ನಿಂತರೆ ಅರ್ಥವು ಒಂದರಿಂದ ಒಂದಕ್ಕೆ ತಾನಾಗಿಯೇ ದಾಟುತ್ತದೆ. ನಯಸೇನನು ಬೇಡವೆಂದುದು ತುಪ್ಪ ಎಣ್ಣೆಗಳ ಬೆರಕೆಯನ್ನು. ಎಣ್ಣೆ ನೀರುಗಳ ನೆರೆಹೊರೆಯನ್ನು ಅವನು ಬೇಡವೆನ್ನಲಿಲ್ಲ.